ಹಳೆಯ ಎರ್ಟಿಗಾವನ್ನು ಬಿಡಾರದ ಗಾಡಿಯಾಗಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಕಾರನ್ನು ಪ್ರವಾಸದಲ್ಲಿ ಒಳಗೇ ಮಲಗಬಹುದಾದ ಬಿಡಾರದ ಗಾಡಿಯಾಗಿಸಲು ಬೇರೆ ದೇಶಗಳಲ್ಲಿ ಸ್ಟೇಷನ್ ವ್ಯಾಗನ್ ಬಳಸುತ್ತಾರೆ, ಆದರೆ ಅದು ನಮ್ಮ ದೇಶದಲ್ಲಿ ಬೇರೂರಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, 2004ರಲ್ಲಿ ಇಂಡಿಗೊ ಮರೀನಾ ಬಂತು. ಉದ್ದನೆಯ ಡಿಕ್ಕಿಯ ಆ ಕಾರುಗಳನ್ನು ಮೆಚ್ಚಿದವರು ಇದ್ದರೇ ಹೊರತು ಕೊಂಡವರು ಕಡಿಮೆ. ಇಂದು ಅವುಗಳಲ್ಲೊಂದು ಅಗ್ಗಕ್ಕೆ ಸಿಕ್ಕರೂ ಬಿಡಿಭಾಗಕ್ಕಾಗಿ ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ. ಬೇರೆ ದೇಶಗಳಲ್ಲಿ ಹಳೆಯ ವ್ಯಾಗನ್ ಮಾಡುವ ಕೆಲಸವನ್ನು ನಮ್ಮಲ್ಲಿ ಏಳು ಸೀಟಿನ ಕುಟುಂಬದ ಕಾರುಗಳು ಮಾಡುತ್ತವೆ. ಅವುಗಳಲ್ಲಿ 2012ರ ಏಪ್ರಿಲ್‌ನಿಂದ 2018ರವರೆಗೆ ಮಾರಾಟವಾದ ಮೊದಲ ಪೀಳಿಗೆಯ ಮಾರುತಿ ಎರ್ಟಿಗಾ ಈ ಉದ್ದೇಶಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದರ ಎರಡನೆಯ ಮತ್ತು ಮೂರನೆಯ ಸಾಲಿನ ಸೀಟುಗಳ ಬೆನ್ನನ್ನು ಮಡಚಿದರೆ ಹೆಚ್ಚುಕಡಿಮೆ ಸಮತಟ್ಟಾದ ಜಾಗ ಸಿಗುತ್ತದೆ, ನೆಲದಿಂದ 185 ಮಿಲಿಮೀಟರ್ ಎತ್ತರವಿರುವುದರಿಂದ ತೋಟದ ಮಣ್ಣುರಸ್ತೆಗೂ ಹೆದರಬೇಕಿಲ್ಲ, ಮತ್ತು ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದಲ್ಲೂ ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇರುತ್ತಾನೆ. ಬೇರೆ ಗಾಡಿ ಇರುವವರು ಅಳತೆಗಳನ್ನು ಬದಲಿಸಿಕೊಂಡು ಇದೇ ಕ್ರಮವನ್ನು ಅನುಸರಿಸಬಹುದು.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒಂದೇ ನಿಯಮಕ್ಕೆ ಬದ್ಧನಾಗಿದ್ದೇನೆ: ಗಾಡಿಯಿಂದ ಏನನ್ನೂ ಕಿತ್ತುಹಾಕಬಾರದು, ಗಾಡಿಗೆ ಒಂದೂ ತೂತು ಕೊರೆಯಬಾರದು. ಹಲಗೆ, ಹಾಸಿಗೆ, ಬ್ಯಾಟರಿ, ಅಡುಗೆಯ ಪೆಟ್ಟಿಗೆ ಎಲ್ಲವೂ ಸಾಮಾನಿನಂತೆ ಒಳಗೆ ಹೋಗಬೇಕು, ಸಾಮಾನಿನಂತೆಯೇ ಹೊರಗೆ ಬರಬೇಕು. ಶನಿವಾರ ಮಲಗುವ ಕೋಣೆಯಾದದ್ದು ಸೋಮವಾರ ಮಕ್ಕಳನ್ನು ಶಾಲೆಗೆ ಬಿಡುವ ಕಾರಾಗಬೇಕು. ಇದಕ್ಕೆ ಅನುಕೂಲದ ಕಾರಣವಷ್ಟೇ ಅಲ್ಲ, ಕಾನೂನಿನ ಕಾರಣವೂ ಇದೆ.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆರ್‌ಸಿಯಲ್ಲಿ ಏಳು ಸೀಟು ಎಂದಿರುವಾಗ ಐದು ಸೀಟು ಕಿತ್ತು ಮಂಚ ಕೂರಿಸಿದರೆ ಅದು ಸಾಮಾನು ಸಾಗಿಸಿದಂತಲ್ಲ, ಗಾಡಿಯ ಸ್ವರೂಪವನ್ನೇ ಬದಲಿಸಿದಂತೆ. ಅಪಘಾತವಾದಾಗ ವಿಮಾ ಕಂಪನಿಯ ಸಮೀಕ್ಷಕ ಮೊದಲು ಕೇಳುವ ಪ್ರಶ್ನೆಯೂ ಗಾಡಿಯನ್ನು ಮಾರ್ಪಡಿಸಿದ್ದೀರಾ ಎಂಬುದೇ ಆಗಿರುತ್ತದೆ. ನಿಜವಾದ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಮನೆಯ ಅಂಗಳದಲ್ಲಿ ಮಾಡುವ ಕೆಲಸ ಅದರ ವ್ಯಾಪ್ತಿಗೆ ಬರುವಂಥದ್ದಲ್ಲ. ಆದ್ದರಿಂದ ಸೀಟು ಮಡಚಿ, ಅದರ ಮೇಲೆ ಎತ್ತಿಡಬಹುದಾದ ಹಲಗೆಯನ್ನು ಹಾಸುವುದೇ ನ್ಯಾಯವಾದ ದಾರಿ.

ಗಾಜಿನ ವಿಷಯದಲ್ಲೂ ಎಚ್ಚರ ಬೇಕು. ಖಾಸಗಿತನಕ್ಕೆಂದು ಕಪ್ಪು ಫಿಲಂ ಅಂಟಿಸುವುದು 2012ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪೊಲೀಸರನ್ನು ತಾನಾಗಿಯೇ ಕರೆದಂತೆ. ನಿಂತ ಮೇಲೆ ಕಟ್ಟಿ, ಹೊರಡುವ ಮುನ್ನ ಬಿಚ್ಚುವ ಪರದೆಯೇ ಸಾಕು.

ಗಾಡಿಯನ್ನು ಆರಿಸುವುದು

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಕ್ಷಮತಾ ಪರೀಕ್ಷೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2012ರ ಎರ್ಟಿಗಾಕ್ಕೆ ಆ ಗಡುವು 2027ರಲ್ಲೇ ಬರುತ್ತದೆ. ಹೀಗಾಗಿ ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ 2015 ಅಥವಾ ಅದರ ನಂತರದ ಗಾಡಿಯನ್ನು ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿಯ ಕಾರುಗಳು ಆಸೆ ಹುಟ್ಟಿಸುವ ಬೆಲೆಗೆ ಬರುತ್ತವೆ. ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸುವ ಹೊತ್ತಿಗೆ ಉಳಿತಾಯದ ಬಹುಪಾಲು ಕರಗಿರುತ್ತದೆ. ಯಾವ ಊರಿನ ಗಾಡಿಯಾದರೂ ಕೇಂದ್ರ ಸರ್ಕಾರದ ವಾಹನ್ ಮತ್ತು ಇ-ಚಲನ್ ಜಾಲತಾಣಗಳಲ್ಲಿ ಅದರ ಸಂಖ್ಯೆ ಹಾಕಿ ಸಾಲದ ನಮೂದು, ವಿಮೆ, ಮಾಲೀಕರ ಸರದಿ ಮತ್ತು ಬಾಕಿ ದಂಡವನ್ನು ನೋಡದೆ ಮುಂಗಡ ಕೊಡಬೇಡಿ.

ಎರ್ಟಿಗಾದಲ್ಲಿ 1.4 ಲೀಟರ್ ಪೆಟ್ರೋಲ್ ಮತ್ತು 1.3 ಲೀಟರ್ ಡೀಸೆಲ್ ಎಂಜಿನ್‌ಗಳಿದ್ದವು. ಡೀಸೆಲ್ ಎಂಜಿನ್ ಫಿಯೆಟ್ ಮೂಲದ್ದು; ಮೈಲೇಜು ಚೆನ್ನಾಗಿದೆ, ತುಂಬಿದ ಗಾಡಿಯನ್ನು ಘಾಟಿಯಲ್ಲಿ ಸಲೀಸಾಗಿ ಎಳೆಯುತ್ತದೆ. ಅದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಇದೆ. ಆಯಿಲ್ ಬದಲಿಸುವುದರಲ್ಲಿ ಉದಾಸೀನ ಮಾಡಿದ್ದರೆ ಆ ಚೈನ್ ಸವೆದಿರುತ್ತದೆ. ಆದ್ದರಿಂದ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಲು ಹೋಗಿ. ಚಾವಿ ತಿರುಗಿಸಿದ ಮೊದಲ ಕೆಲವು ಕ್ಷಣಗಳಲ್ಲಿ ಕಿರಿಕಿರಿ ಎನ್ನುವ ಲೋಹದ ಸದ್ದು ಬಂದು ಆಮೇಲೆ ಅಡಗಿದರೆ ಚೈನಿನ ಕಡೆ ಅನುಮಾನಪಡಬೇಕು. ನೀವು ತಲುಪುವ ಮೊದಲೇ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿ: ಹೊಗೆ ಒತ್ತಡದಿಂದ ಉಕ್ಕುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ. ಓಡೋಮೀಟರ್ ಸುಳ್ಳು ಹೇಳಬಹುದು. ಕ್ಲಚ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಮೈ, ಚಾಲಕನ ಸೀಟಿನ ಬಲ ಅಂಚು ಸುಳ್ಳು ಹೇಳಲಾರವು. ಎರ್ಟಿಗಾ ಟ್ಯಾಕ್ಸಿಯಾಗಿಯೂ ಬಹಳ ಓಡಿದ ಗಾಡಿಯಾದ್ದರಿಂದ, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದದ್ದೇ ಎಂಬುದನ್ನೂ ವಿಚಾರಿಸಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಯಾದರೆ ಜಾಕ್ ಹಾಕಿಸಿ ಕೆಳಗೆ ಟಾರ್ಚ್ ಬಿಡಿ. ಬಾಗಿಲಿನ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗ ಮತ್ತು ಡಿಕ್ಕಿಯ ತಳದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ತಗಡು ಮತ್ತು ತುಕ್ಕು ತಿಂದ ತಗಡಿನ ಸದ್ದಿನ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಮೇಲೆ ಹೊಸದಾಗಿ ಬಳಿದ ದಪ್ಪ ಕಪ್ಪು ಲೇಪವಿದ್ದರೆ ಇನ್ನೂ ಹೆಚ್ಚು ಗಮನವಿಟ್ಟು ನೋಡಬೇಕು.

ಗಾಡಿ ಮನೆಗೆ ಬಂದ ಮೇಲೆ ಪ್ಲೈವುಡ್ ಅಂಗಡಿಗೆ ಹೋಗುವ ಮುನ್ನ ಗ್ಯಾರೇಜಿಗೆ ಹೋಗಿ. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರುಗಳು, ಫ್ಯಾನ್ ಬೆಲ್ಟ್ ಮತ್ತು ರಬ್ಬರ್ ಕೊಳವೆಗಳನ್ನು ಒಮ್ಮೆಗೇ ಬದಲಿಸಿದರೆ ಅಲ್ಲಿಂದ ಮುಂದಿನ ಲೆಕ್ಕ ನಿಮ್ಮದಾಗುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ಓದಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರು ಎಷ್ಟೇ ಹೊಸದಾಗಿ ಕಂಡರೂ ಬದಲಿಸಿ, ಸ್ಟೆಪ್ನಿಯನ್ನೂ ಸೇರಿಸಿ. ಒಳಾಂಗಣದ ಅಲಂಕಾರಕ್ಕೆ ಹಣ ಸುರಿದು ಬ್ರೇಕಿನಲ್ಲಿ ಉಳಿಸುವುದನ್ನು ನಾನು ಒಪ್ಪಲಾರೆ.

ಅಳತೆ

ಇಲ್ಲಿ ಆತುರಪಡಬೇಡಿ. ಮುಂದಿನ ಎರಡೂ ಸೀಟುಗಳನ್ನು ಸಾಧ್ಯವಾದಷ್ಟು ಮುಂದಕ್ಕೆ ಸರಿಸಿ, ಹಿಂದಿನ ಎಲ್ಲ ಹೆಡ್‌ರೆಸ್ಟ್‌ಗಳನ್ನು ತೆಗೆದು, ಎರಡೂ ಸಾಲಿನ ಬೆನ್ನುಗಳನ್ನು ಮಡಚಿ, ಡಿಕ್ಕಿಯ ಬಾಗಿಲನ್ನು ಹಾಕಿ ಒಳಗೆ ಕುಳಿತು ಅಳೆಯಿರಿ. ಬಾಗಿಲು ತೆರೆದಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಿಂದಿನ ಗಾಜು ಒಳಮುಖವಾಗಿ ಓರೆಯಾಗಿರುತ್ತದೆ. ತಳದಲ್ಲಿ ಸಿಗುವ ಉದ್ದ ಹಾಸಿಗೆಯ ಎತ್ತರದಲ್ಲಿ ಸಿಗುವುದಿಲ್ಲ. ಬೇಕಾದ ಅಳತೆಗಳು ಇವು: ಮುಂದಿನ ಸೀಟಿನ ಬೆನ್ನಿನಿಂದ ಹಿಂದಿನ ಗಾಜಿನವರೆಗೆ ಹಾಸಿಗೆಯ ಮಟ್ಟದಲ್ಲಿ ಉದ್ದ, ಚಕ್ರದ ಉಬ್ಬುಗಳ ನಡುವಿನ ಅಗಲ, ಬಾಗಿಲುಗಳ ಬಳಿಯ ಅಗಲ, ಹಾಗೂ ಮಡಚಿದ ಸೀಟಿನಿಂದ ಚಾವಣಿಗೆ ಇರುವ ಎತ್ತರ.

ಮಲಗುವವರ ಎತ್ತರಕ್ಕಿಂತ ಕನಿಷ್ಠ ಹತ್ತು ಸೆಂಟಿಮೀಟರ್ ಹೆಚ್ಚು ಉದ್ದ ಬೇಕು. ಮುಂದಿನ ಸೀಟಿನ ಬೆನ್ನಿಗೂ ಎರಡನೆಯ ಸಾಲಿಗೂ ನಡುವೆ ಕಾಲಿಡುವ ಹಳ್ಳವೊಂದು ಉಳಿಯುತ್ತದೆ. ಬೇಕಾದ ಆ ಹೆಚ್ಚಿನ ಉದ್ದ ಸಿಗುವುದು ಅಲ್ಲಿಯೇ. ಸಮತಲದ ಮಟ್ಟಕ್ಕೆ ಬರುವಂತೆ ಎರಡು ಪೆಟ್ಟಿಗೆಗಳನ್ನು ಮಾಡಿಸಿ ಆ ಹಳ್ಳದಲ್ಲಿ ಕೂರಿಸಿದರೆ ಹಾಸಿಗೆಯ ತಲೆಭಾಗಕ್ಕೆ ಆಧಾರವೂ ಆಗುತ್ತದೆ, ಪಾತ್ರೆಪಗಡಿಗಳಿಗೆ ಜಾಗವೂ ಆಗುತ್ತದೆ. ಅಳತೆ ಮುಗಿದ ಮೇಲೆ ಫ್ರಿಜ್ ಅಥವಾ ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಅದೇ ಆಕಾರಕ್ಕೆ ಕತ್ತರಿಸಿ, ಒಳಗೆ ಹಾಸಿ ಮಲಗಿ ನೋಡಿ. ಭುಜ ಎಲ್ಲಿ ತಾಗುತ್ತದೆ, ಮಗ್ಗುಲು ಬದಲಿಸುವಾಗ ಮೊಣಕಾಲು ಯಾವುದಕ್ಕೆ ಬಡಿಯುತ್ತದೆ ಎಂಬುದನ್ನು ಟೇಪು ಹೇಳುವುದಿಲ್ಲ, ರಟ್ಟು ಹೇಳುತ್ತದೆ.

ಹಲಗೆ

ಬಡಗಿಯ ಬಳಿ ಮಂಚವೆಂದು ಹೇಳಿದ ಕೂಡಲೇ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಎನ್ನುತ್ತಾರೆ. ಮನೆಯ ಮಂಚಕ್ಕೆ ಅದು ಸರಿ. ಆದರೆ ಎಂಟಡಿ ನಾಲ್ಕಡಿಯ 18 ಎಂಎಂ ಹಾಳೆ ಸುಮಾರು 35 ಕೆಜಿ ತೂಗಿದರೆ, 12 ಎಂಎಂ ಹಾಳೆ ಸುಮಾರು 23 ಕೆಜಿ ತೂಗುತ್ತದೆ. ಇಲ್ಲಿ ಹಲಗೆಯ ಕೆಳಗೆ ಸೀಟಿನ ಬೆನ್ನುಗಳೇ ಬಹುಭಾಗ ಆಧಾರ ಕೊಡುವುದರಿಂದ 12 ಎಂಎಂ ಸಾಕು. ಆಧಾರವಿಲ್ಲದ ಜಾಗ 40 ಸೆಂಟಿಮೀಟರ್ ಮೀರಿದಲ್ಲಿ ಕೆಳಗಿನಿಂದ ಮರದ ರೀಪರ್ ಹೊಡೆಸಿ. ಪ್ಲೈವುಡ್ ಐಎಸ್ 710 ಗುರುತಿನ ನೀರು ತಡೆಯುವ ದರ್ಜೆಯದ್ದೇ ಆಗಿರಲಿ. ಒದ್ದೆ ಬಟ್ಟೆ, ಉಸಿರಿನ ತೇವ, ಮಲೆನಾಡಿನ ಗಾಳಿ ಇವೆಲ್ಲ ಸೇರಿದರೆ ಸಾಮಾನ್ಯ ದರ್ಜೆಯ ಹಾಳೆ ಒಂದು ಮಳೆಗಾಲದಲ್ಲೇ ಅಂಚು ಬಿಡಲು ತೊಡಗುತ್ತದೆ.

ಒಂದೇ ದೊಡ್ಡ ಹಲಗೆಯ ಬದಲು ಅಡ್ಡಲಾಗಿ ಮೂರು ತುಂಡು ಮಾಡಿಸಿ. 60 ಸೆಂಟಿಮೀಟರ್ ಉದ್ದ, 110 ಸೆಂಟಿಮೀಟರ್ ಅಗಲದ ಒಂದು ತುಂಡು ಸುಮಾರು ಐದು ಕೆಜಿ ಬರುತ್ತದೆ. ಅದನ್ನು ಯಾರಾದರೂ ಒಬ್ಬರೇ ಎತ್ತಿ ಒಳಗಿಡಬಹುದು. ಹಿಂದಿನ ಎರಡು ತುಂಡುಗಳನ್ನು ಪಿಯಾನೋ ಹಿಂಜ್‌ನಿಂದ (ಅಂಚಿನ ಉದ್ದಕ್ಕೂ ಬರುವ ಪಟ್ಟಿಯಂಥ ಕೀಲು) ಜೋಡಿಸಿದರೆ ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಮುಂದಿನದನ್ನು ಬಿಡಿಯಾಗಿ ಇಟ್ಟು ಹಳ್ಳದ ಪೆಟ್ಟಿಗೆಗಳ ಮೇಲೆ ಕೂರಿಸಿ. ಸೀಟಿನ ಬೆನ್ನುಗಳು ಪೂರ್ತಿ ಮಟ್ಟಸವಾಗಿ ಮಲಗದೆ ಸ್ವಲ್ಪ ಏರಿಳಿತ ಉಳಿಯುತ್ತದೆ. ತಗ್ಗಿದ ಕಡೆ ಹಲಗೆಯ ಕೆಳಗೆ ಬೇಕಾದಷ್ಟೇ ದಪ್ಪದ ರೀಪರ್ ಅಂಟಿಸಿ ಅದನ್ನು ಸರಿದೂಗಿಸಿ. ಪ್ರತಿ ತುಂಡಿಗೂ ಒಂದು ಅಂಗುಲ ವ್ಯಾಸದ ಹತ್ತು ಹನ್ನೆರಡು ತೂತು ಕೊರೆಸುವುದನ್ನು ಮರೆಯಬೇಡಿ. ಹಾಸಿಗೆಯ ಕೆಳಗೆ ಗಾಳಿಯಾಡದಿದ್ದರೆ ಬೂಸಲು ಹಿಡಿಯುತ್ತದೆ. ಮೂಲೆಗಳನ್ನು ದುಂಡಗೆ ಉಜ್ಜಿಸಿ, ಎರಡೂ ಬದಿಗೆ ಮತ್ತು ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಕುಡಿಸಿ, ಕೆಳಬದಿಗೆ ತೆಳು ಕಾರ್ಪೆಟ್ ಅಂಟಿಸಿ. ಕಾರ್ಪೆಟ್ ಇಲ್ಲದಿದ್ದರೆ ಸೀಟಿನ ಬಟ್ಟೆ ಹರಿಯುತ್ತದೆ, ಹೊರಳಿದಾಗಲೆಲ್ಲ ಹಲಗೆ ಕಿರುಗುಟ್ಟಿ ನಿದ್ದೆಯನ್ನೂ ಕೆಡಿಸುತ್ತದೆ.

ಹಾಸಿಗೆಗೆ ಮೂರು ಅಂಗುಲದ, 40 ಡೆನ್ಸಿಟಿಯ ಫೋಮ್ ಸಾಕು. ಅದನ್ನೂ ಹಲಗೆಯಂತೆಯೇ ಮೂರು ತುಂಡಾಗಿ ಕತ್ತರಿಸಿ, ತೆಗೆದು ಒಗೆಯಬಹುದಾದ ಹತ್ತಿಬಟ್ಟೆಯ ಕವರು ಹೊಲಿಸಿ. ಹಗಲಲ್ಲಿ ಒಂದರ ಮೇಲೊಂದು ಇಟ್ಟರೆ ಕೂರಲು ಆಸನವಾಗುತ್ತದೆ. ಗಾಳಿ ತುಂಬುವ ಹಾಸಿಗೆ ಮಡಚಿದಾಗ ಸಣ್ಣದಾಗುತ್ತದೆ ನಿಜ, ಆದರೆ ನಡುರಾತ್ರಿ ಗಾಳಿ ಇಳಿದರೆ ಮಾಡುವಂಥದ್ದೇನೂ ಇರುವುದಿಲ್ಲ. ಹಾಸಿಗೆಯ ಮೇಲೆ ನೆಟ್ಟಗೆ ಕೂರಲು ಸಾಮಾನ್ಯವಾಗಿ 90 ಸೆಂಟಿಮೀಟರ್ ಎತ್ತರ ಬೇಕು. ಎರ್ಟಿಗಾದಲ್ಲಿ ಸೀಟಿನ ಮೇಲೆ ಹಲಗೆ ಬರುವುದರಿಂದ ಅಷ್ಟು ಸಿಗದು. ಬಟ್ಟೆ ಬದಲಿಸುವುದನ್ನು, ಊಟ ಮಾಡುವುದನ್ನು ಹೊರಗೆ ಟಾರ್ಪಾಲಿನ ನೆರಳಿನಲ್ಲಿ ಮಾಡುವುದೆಂದು ಮೊದಲೇ ಒಪ್ಪಿಕೊಂಡರೆ ಈ ಕೊರತೆ ಬಾಧಿಸುವುದಿಲ್ಲ.

ಗಾಳಿ, ಸೊಳ್ಳೆ, ಪರದೆ

ಕಾರಿನಲ್ಲಿ ಮಲಗಿದವರ ನಿದ್ದೆಗೆ ಹಾಸಿಗೆಗಿಂತ ಗಾಳಿಯೇ ಮುಖ್ಯ. ಗಾಜುಗಳನ್ನೆಲ್ಲ ಏರಿಸಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಗಾಜಿನ ಒಳಬದಿಯಿಂದ ನೀರು ಗೆರೆಗೆರೆಯಾಗಿ ಇಳಿದು ಹಾಸಿಗೆಯ ಅಂಚನ್ನು ನೆನೆಸಿರುತ್ತದೆ. ಎದುರುಬದುರಿನ ಎರಡು ಗಾಜುಗಳನ್ನು ಮೂರ್ನಾಲ್ಕು ಸೆಂಟಿಮೀಟರ್ ಇಳಿಸಿಡಬೇಕು; ಕಿಟಕಿಯ ಮೇಲ್ಭಾಗಕ್ಕೆ ಅಂಟಿಸುವ ರೈನ್ ವೈಸರ್ ಇದ್ದರೆ ಮಳೆಯಲ್ಲೂ ಹೀಗೆ ಬಿಡಬಹುದು. ಒಂದು ಕಿಟಕಿಯ ಬಳಿ ಸಣ್ಣ ಯುಎಸ್‌ಬಿ ಫ್ಯಾನನ್ನು ಹೊರಮುಖವಾಗಿ ಇಟ್ಟರೆ ಒಳಗಿನ ತೇವದ ಗಾಳಿ ಹೊರಹೋಗಿ ಇನ್ನೊಂದು ಕಡೆಯಿಂದ ಹೊಸ ಗಾಳಿ ಬರುತ್ತದೆ.

ಎಂಜಿನ್ ಓಡಿಸಿಟ್ಟು, ಎಸಿ ಹಾಕಿಕೊಂಡು ಮಲಗುವುದು ಪ್ರಾಣಾಂತಿಕ. ಹೊಗೆಕೊಳವೆಯಲ್ಲಿ ಒಂದು ಸಣ್ಣ ಬಿರುಕಿದ್ದರೆ, ಅಥವಾ ಗಾಡಿಯ ಹಿಂಭಾಗ ಗೋಡೆಗೋ ದಿಬ್ಬಕ್ಕೋ ಒತ್ತಿಕೊಂಡು ನಿಂತಿದ್ದರೆ, ಕಾರ್ಬನ್ ಮೊನಾಕ್ಸೈಡ್ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಎಚ್ಚರಗೊಳ್ಳುವುದೇ ಇಲ್ಲ. ಚಳಿಯೆಂದು ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದೂ, ಮಳೆಯೆಂದು ಒಳಗೇ ಒಲೆ ಹಚ್ಚುವುದೂ ಇದೇ ಅಪಾಯ. ಈ ಮಾರ್ಗದರ್ಶಿಯಲ್ಲಿ ಬೇರೆ ಯಾವುದನ್ನು ನಿಮ್ಮ ಅನುಕೂಲಕ್ಕೆ ಬದಲಿಸಿಕೊಂಡರೂ ಇದನ್ನು ಬದಲಿಸಬೇಡಿ.

ಸೊಳ್ಳೆಗೆ ಅತ್ಯುತ್ತಮ ಉಪಾಯ ನಿಮ್ಮ ಬೀದಿಯ ದರ್ಜಿಯ ಬಳಿಯೇ ಇದೆ. ಹಿಂದಿನ ಬಾಗಿಲಿನ ಮೇಲ್ಭಾಗದ ಚೌಕಟ್ಟಿಗೆ ದಿಂಬಿನ ಕವರಿನಂತೆ ಮೇಲಿನಿಂದ ತೊಡಿಸುವ ಹಾಗೆ ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿಸಿ, ಕೆಳಗಿನ ಅಂಚಿಗೆ ಇಲಾಸ್ಟಿಕ್ ಹಾಕಿಸಿ. ತೊಡಿಸಿ ಬಾಗಿಲು ಹಾಕಿದರೆ ಬಟ್ಟೆ ಬಾಗಿಲಿನ ರಬ್ಬರಿನ ನಡುವೆ ಸಿಕ್ಕಿ ಬಿಗಿಯಾಗುತ್ತದೆ, ಗಾಜನ್ನು ಬೇಕಾದಷ್ಟು ಇಳಿಸಬಹುದು. ಬೆಳಕು ತಡೆಯುವ ಪರದೆಗೆ ಪ್ರತಿ ಗಾಜಿನ ಮೇಲೂ ಹಳೆಯ ಪತ್ರಿಕೆ ಒತ್ತಿ, ರಬ್ಬರಿನ ಅಂಚಿನ ಉದ್ದಕ್ಕೂ ಪೆನ್ಸಿಲ್ ಎಳೆದು ಅಚ್ಚು ತೆಗೆಯಿರಿ. ಆ ಅಚ್ಚಿಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಹೊಳೆಯುವ ಫಾಯಿಲ್ ಬಬಲ್ ಹಾಳೆಯನ್ನು ಕತ್ತರಿಸಿದರೆ ಅಂಟು, ಕೊಕ್ಕೆ ಏನೂ ಇಲ್ಲದೆ ಚೌಕಟ್ಟಿನಲ್ಲಿ ಕಚ್ಚಿ ನಿಲ್ಲುತ್ತದೆ. ಪ್ರತಿಯೊಂದರ ಮೇಲೂ ಯಾವ ಕಿಟಕಿ ಎಂದು ಬರೆದಿಡಿ, ಕತ್ತಲಲ್ಲಿ ಹುಡುಕಾಟ ತಪ್ಪುತ್ತದೆ.

ಮಲಗುವ ಮುನ್ನ ನೋಡಲೇಬೇಕಾದದ್ದು ಒಂದಿದೆ. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಬಿಡಿಸಿರಬೇಕು. ಒಳಗೆ ಮಲಗಿದವರು ತುರ್ತಾಗಿ ಹೊರಬರಬೇಕಾದದ್ದು ಆ ಬಾಗಿಲುಗಳಿಂದಲೇ.

ವಿದ್ಯುತ್

ಮೊದಲು ಅಗತ್ಯವನ್ನು ಕೂಡಿಸಿ ನೋಡಿ. ಐದು ವ್ಯಾಟಿನ ಎರಡು ಫ್ಯಾನ್ ಎಂಟು ಗಂಟೆ ಓಡಿದರೆ 80 ವ್ಯಾಟ್-ಗಂಟೆ. ಆರು ವ್ಯಾಟಿನ ಎಲ್‌ಇಡಿ ದೀಪ ನಾಲ್ಕು ಗಂಟೆಗೆ 24. ಎರಡು ಮೊಬೈಲಿಗೆ ಸುಮಾರು 30, ಒಂದು ಲ್ಯಾಪ್‌ಟಾಪಿಗೆ 60. ಒಟ್ಟು 200ರ ಒಳಗೆ. ಹೀಗಾಗಿ 500 ವ್ಯಾಟ್-ಗಂಟೆಯ ಒಯ್ಯಬಲ್ಲ ಪವರ್ ಸ್ಟೇಷನ್ (ಸಾಕೆಟ್ಟುಗಳಿರುವ ಸಿದ್ಧ ಬ್ಯಾಟರಿ ಪೆಟ್ಟಿಗೆ) ಎರಡು ರಾತ್ರಿಗೆ ಧಾರಾಳವಾಗಿ ಸಾಕು. ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್ಟಿನಿಂದ 100 ವ್ಯಾಟಿನಂತೆ ತುಂಬಿಸಿದರೆ ಐದಾರು ಗಂಟೆಯ ಪ್ರಯಾಣದಲ್ಲಿ ತುಂಬುತ್ತದೆ. ಗಾಡಿಗೆ ಒಂದು ತಂತಿಯನ್ನೂ ಎಳೆಯಬೇಕಿಲ್ಲದ ಕಾರಣ ನನ್ನ ಮೊದಲ ಆಯ್ಕೆ ಇದೇ. 100 ವ್ಯಾಟಿನ ಮಡಚುವ ಸೋಲಾರ್ ಹಲಗೆ ನಮ್ಮ ಬಿಸಿಲಿನಲ್ಲಿ ದಿನಕ್ಕೆ 350 ವ್ಯಾಟ್-ಗಂಟೆಯಷ್ಟು ಕೊಡಬಲ್ಲದು, ಆದರೆ ಮಳೆಗಾಲದ ಮಲೆನಾಡಿನಲ್ಲಿ ಅದನ್ನು ನಂಬಿ ಹೋಗುವಂತಿಲ್ಲ.

ಸ್ವಂತ ಬ್ಯಾಟರಿ ಪೆಟ್ಟಿಗೆ ಕಟ್ಟುವವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದ ಫ್ಯೂಸ್, ಕನೆಕ್ಟರ್, ತಂತಿ ಎಲ್ಲವನ್ನೂ ಕೊಳ್ಳಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ 12.8 ವೋಲ್ಟ್, 50 ಆಂಪಿಯರ್-ಗಂಟೆಯ ಬ್ಯಾಟರಿ 640 ವ್ಯಾಟ್-ಗಂಟೆ ಕೊಡುತ್ತದೆ. ಬ್ಯಾಟರಿಯ ಧನಧ್ರುವದಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು; ಫ್ಯೂಸಿನ ಕೆಲಸ ತಂತಿಗೆ ಬೆಂಕಿ ಹತ್ತದಂತೆ ಕಾಯುವುದು, ಆದ್ದರಿಂದ ದೂರದಲ್ಲಿದ್ದರೆ ನಡುವಿನ ತಂತಿ ಅನಾಥ. ತಂತಿಯ ದಪ್ಪವನ್ನೂ ಲೆಕ್ಕ ಹಾಕಿ: ಹೋಗಿ ಬರುವ ಒಟ್ಟು ಆರು ಮೀಟರ್ ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹರಿದರೆ, 6 ಚದರ ಮಿಲಿಮೀಟರ್ ತಂತಿಯಲ್ಲಿ 0.35 ವೋಲ್ಟ್ ಸೋರುತ್ತದೆ, 2.5ರ ತಂತಿಯಲ್ಲಿ 0.84 ವೋಲ್ಟ್. ಎರಡನೆಯದು ಬಿಸಿಯಾಗುತ್ತದೆ, ಬ್ಯಾಟರಿಯೂ ಪೂರ್ತಿ ತುಂಬುವುದಿಲ್ಲ. ಎಂಜಿನ್ ಬ್ಯಾಟರಿಯಿಂದ ಇದನ್ನು ತುಂಬಿಸಲು ನಡುವೆ ವೋಲ್ಟೇಜನ್ನು ಹದವಾಗಿಸುವ ಡಿಸಿ-ಡಿಸಿ ಚಾರ್ಜರ್ ಬೇಕು, ನೇರವಾಗಿ ಜೋಡಿಸಬಾರದು. ಈ ಒಂದು ಕೆಲಸವನ್ನು ಅನುಭವವಿರುವ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. 2015ರ ಕೊನೆಯ ನಂತರದ ಡೀಸೆಲ್ ಎರ್ಟಿಗಾ ಎಸ್‌ಎಚ್‌ವಿಎಸ್ (ಬ್ಯಾಟರಿಯಿಂದ ಎಂಜಿನ್‌ಗೆ ನೆರವು ಕೊಡುವ ಹೈಬ್ರಿಡ್) ವ್ಯವಸ್ಥೆಯದ್ದಾದರೆ ಅದರ ಬ್ಯಾಟರಿಯ ತಂಟೆಗೇ ಹೋಗಬೇಡಿ, ಪವರ್ ಸ್ಟೇಷನ್ನೇ ಸಾಕು.

ಫ್ರಿಜ್ಜಿನ ವಿಷಯಕ್ಕೆ ಬಂದರೆ, 45 ವ್ಯಾಟಿನ ಕಂಪ್ರೆಸರ್ ದಿನದ ಮೂರನೇ ಒಂದು ಭಾಗ ಓಡಿದರೂ 360 ವ್ಯಾಟ್-ಗಂಟೆ ತಿನ್ನುತ್ತದೆ. ಎರಡು ದಿನದ ಪ್ರವಾಸಕ್ಕೆ ಒಳ್ಳೆಯ ಐಸ್ ಪೆಟ್ಟಿಗೆಯೇ ಜಾಣತನ. ಇನ್ನೊಂದು ಮಾತು: ಡಿಕ್ಕಿ ತೆರೆದಿಟ್ಟು ಅಡುಗೆ ಮಾಡುವಾಗ ಒಳಗಿನ ದೀಪದ ಗುಂಡಿಯನ್ನು ಆರಿಸಿಡಿ. ಇಲ್ಲವಾದರೆ ಬೆಳಿಗ್ಗೆ ಗಾಡಿ ಚಾಲೂ ಆಗದೆ ತಳ್ಳುವವರನ್ನು ಹುಡುಕಬೇಕಾದೀತು.

ಅಡುಗೆ ಮತ್ತು ನೀರು

ಒಂದು ಪೆಟ್ಟಿಗೆಯಲ್ಲಿ ಹಿಡಿಯುವಷ್ಟೇ ಅಡುಗೆಮನೆ ಇರಲಿ: ಒಂದು ಪಾತ್ರೆ, ಒಂದು ಬಾಣಲೆ, ಎರಡು ತಟ್ಟೆ, ಚಾಕು, ಮುಚ್ಚಳ ಬಿಗಿಯಾದ ಡಬ್ಬಗಳು. ಮನೆಯಿಂದ ಹುರಿದ ರವೆ, ಚಿತ್ರಾನ್ನದ ಗೊಜ್ಜು, ಚಟ್ನಿಪುಡಿ ಒಯ್ದರೆ ಒಲೆಯ ಕೆಲಸ ಅರ್ಧಗಂಟೆಯಲ್ಲಿ ಮುಗಿಯುತ್ತದೆ. ಒಲೆಗೆ ಕಾಲು ಕೆಜಿಯೊಳಗಿನ ಬ್ಯೂಟೇನ್ ಡಬ್ಬಿ ಸಾಕು. ಸಿಲಿಂಡರನ್ನು ಮುಚ್ಚಿದ ಕಾರಿನಲ್ಲಿ ಒಯ್ಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು. ಸೋರಿದರೆ ಗಾಡಿಯ ತಳದಲ್ಲಿ, ಅಂದರೆ ನಿಮ್ಮ ಹಾಸಿಗೆಯ ಕೆಳಗೇ ಕೂಡಿಕೊಳ್ಳುತ್ತದೆ. ಬ್ಯೂಟೇನ್ ಡಬ್ಬಿಯನ್ನೂ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಒಂದು ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕ, ಮಲಗಿದಲ್ಲಿಂದಲೂ ಹೊರಗಿನಿಂದಲೂ ಕೈಗೆ ಸಿಗುವ ಜಾಗದಲ್ಲಿ ಇರಲಿ.

ಕುಡಿಯಲು, ಅಡುಗೆಗೆ, ಕೈಮುಖ ತೊಳೆಯಲು ಸೇರಿ ಇಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಹಿಡಿಯಿರಿ. ನಲ್ಲಿಯಿರುವ ಹತ್ತು ಲೀಟರಿನ ಎರಡು ಕ್ಯಾನು ಇಪ್ಪತ್ತರ ಒಂದಕ್ಕಿಂತ ಮೇಲು. ಎತ್ತಲು ಹಗುರ, ಒಂದು ಸೋರಿದರೂ ಇನ್ನೊಂದು ಇರುತ್ತದೆ.

ತೂಕ ಮತ್ತು ಕಟ್ಟುವಿಕೆ

ಏಳು ಜನರಿಗಾಗಿ ಮಾಡಿದ ಗಾಡಿಯಲ್ಲಿ ಇಬ್ಬರೇ ಹೋಗುವಾಗ ಉಳಿದ ಐವರ ತೂಕದಷ್ಟು ಅವಕಾಶವಿರುತ್ತದೆ. ಆದರೂ ಎಲ್ಲವನ್ನೂ ಹಿಂದಕ್ಕೆ ಒಟ್ಟಿದರೆ ಬಾಲ ಕುಸಿದು, ಮುಂದಿನ ಚಕ್ರಗಳಿಂದ ಓಡುವ ಈ ಗಾಡಿ ಒದ್ದೆ ಏರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ನೀರು ಸೇರಿ ಎಲ್ಲ ಸಜ್ಜನ್ನೂ 120 ಕೆಜಿಯೊಳಗೆ ನಿಲ್ಲಿಸಿ. ಭಾರವಾದದ್ದು ಕೆಳಗೆ, ಚಕ್ರಗಳ ನಡುವೆ ಇರಲಿ.

ಓಡುವಾಗ ಎರಡನೆಯ ಸಾಲಿನ ಸೀಟನ್ನು ಎತ್ತಿ ನಿಲ್ಲಿಸಿ, ಹಲಗೆ ಮತ್ತು ಪೆಟ್ಟಿಗೆಗಳನ್ನು ಅದರ ಹಿಂದೆ ಮೂರನೆಯ ಸಾಲಿನ ಮೇಲೆ ಜೋಡಿಸಿ ಪಟ್ಟಿಯಿಂದ ಬಿಗಿಯಿರಿ. ಆ ಸೀಟಿನ ಬೆನ್ನೇ ಅಡ್ಡಗೋಡೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಏನಾದರೂ ಬಡಿದರೆ ಹತ್ತು ಕೆಜಿಯ ಸಡಿಲ ಪೆಟ್ಟಿಗೆ ಕೆಲವು ನೂರು ಕೆಜಿಯ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಹಾಸಿಗೆ ಹಾಸಿಯೇ ಇದೆಯೆಂದು ಓಡುವ ಗಾಡಿಯಲ್ಲಿ ಮಕ್ಕಳನ್ನು ಅದರ ಮೇಲೆ ಮಲಗಿಸಿಕೊಂಡು ಹೋಗುವುದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಎಲ್ಲಿ, ಯಾವಾಗ

ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗುವ ಚಿತ್ರ ಆಕರ್ಷಕ. ಆದರೆ ರಾಷ್ಟ್ರೀಯ ಉದ್ಯಾನಗಳಲ್ಲಿ, ಮೀಸಲು ಅರಣ್ಯಗಳಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರವೇ ಇಲ್ಲ. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಾಫಿತೋಟದ ಹೋಂಸ್ಟೇಗಳಲ್ಲಿ ಮೊದಲೇ ಫೋನ್ ಮಾಡಿ ಕೇಳಿದರೆ, ಸ್ವಲ್ಪ ಹಣಕ್ಕೆ ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗವನ್ನೂ ಸ್ನಾನಕ್ಕೆ ಬಿಸಿನೀರನ್ನೂ ಕೊಡುವವರು ಸಿಗುತ್ತಾರೆ. ಹೆದ್ದಾರಿಯಲ್ಲಾದರೆ ಬೆಳಕಿರುವ ಪೆಟ್ರೋಲ್ ಬಂಕು. ಅಲ್ಲಿಯೂ ಕೇಳಿಯೇ ನಿಲ್ಲಿಸಬೇಕು.

ಬಯಲುಸೀಮೆಗೆ ನವೆಂಬರ್‌ನಿಂದ ಫೆಬ್ರುವರಿ ಸೊಗಸಾದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಹಗಲಿನ ಕಾವನ್ನು ತಗಡು ನಡುರಾತ್ರಿಯವರೆಗೂ ಬಿಡುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ರಕ್ತ ಹೀರುವ ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಭಯವಿದೆ; 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಇಂದಿಗೂ ಜೀವ ತೆಗೆಯುತ್ತಿದೆ. ತರಗೆಲೆಗಳ ಮೇಲೆ ಕೂರಬೇಡಿ, ಹೊರಗೆ ಹಾಸಿದ ಚಾಪೆಯನ್ನು ಕೊಡವದೆ ಒಳಗೆ ತರಬೇಡಿ, ಮಂಗ ಸತ್ತಿರುವ ಸುದ್ದಿಯಿರುವ ಊರಿನಲ್ಲಿ ತಂಗಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ.

ಗಾಡಿಯನ್ನು ಆದಷ್ಟು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ. ಇಳಿಜಾರು ತಪ್ಪದಿದ್ದರೆ ತಲೆ ಎತ್ತರದ ಕಡೆಗಿರಲಿ, ಗೇರ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಒಣಗಿದ ಮರದ ಕೆಳಗೆ, ತೆಂಗಿನ ಮರದ ಕೆಳಗೆ, ಹೊಳೆಯ ಮರಳಿನ ಮೇಲೆ ನಿಲ್ಲಿಸಬೇಡಿ.

ಮೊದಲ ರಾತ್ರಿಯನ್ನು ಮನೆಯ ಮುಂದೆಯೇ ಕಳೆಯಿರಿ. ಹಾಸಿಗೆ ಹಾಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಬೀದಿದೀಪ ಯಾವ ಸಂದಿನಿಂದ ಕಣ್ಣಿಗೆ ಬಿತ್ತು, ಕನ್ನಡಕ ಮತ್ತು ಚಾವಿ ಎಲ್ಲಿಟ್ಟರೆ ಕತ್ತಲಲ್ಲಿ ಕೈಗೆ ಸಿಗುತ್ತವೆ ಎಂಬುದೆಲ್ಲ ಬರೆದುಕೊಂಡು, ಮಾರನೆಯ ದಿನವೇ ಸರಿಪಡಿಸಿ. ಅನಂತರದ ಪ್ರವಾಸ ಊರಿನಿಂದ ಎರಡು ಮೂರು ಗಂಟೆಯ ದಾರಿಯೊಳಗಿರಲಿ. ಪ್ರತಿ ಬಾರಿ ಮರಳಿದ ಮೇಲೆ ಫೋಮ್ ತುಂಡುಗಳನ್ನು ಬಿಸಿಲಿಗೆ ನಿಲ್ಲಿಸಿ, ಹಲಗೆಗಳನ್ನು ಹೊರತೆಗೆದು ಒರೆಸಿ, ಕಾಲಡಿಯ ಮ್ಯಾಟುಗಳ ಕೆಳಗೆ ನೀರು ನಿಂತಿದೆಯೇ ಎಂದು ಕೈಯಾಡಿಸಿ ನೋಡಿ. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ಬಿಸಿಲು ತಾಗದ ಕೋಣೆಯಲ್ಲಿ ಇಟ್ಟು, ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿದರೆ ಅದು ಬಹುಕಾಲ ಬಾಳುತ್ತದೆ.